ಕಂಠಪಾಠದಿಂದ ಸ್ವಂತ ನುಡಿಗೆ

ಶಾಲೆಗಳಲ್ಲಿ ವಚನವೆಂದರೆ ಬಹುಮಟ್ಟಿಗೆ ಕಂಠಪಾಠ. ತಪ್ಪಿಲ್ಲದೆ ಒಪ್ಪಿಸಿದ ಮಗುವಿಗೆ ಬಹುಮಾನ. ಕಂಠಪಾಠ ಬೇಕು, ಆದರೆ ಅಷ್ಟೇ ಸಾಲದು. 12ನೆಯ ಶತಮಾನದ ಶರಣರು ಅನ್ಯರ ನುಡಿಯನ್ನು ಒಪ್ಪಿಸಿದವರಲ್ಲ. ದೋಣಿ ನಡೆಸಿದ ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ಆಯ್ದಕ್ಕಿ ಲಕ್ಕಮ್ಮನವರು ಕಾಯಕದ ಅನುಭವದಿಂದಲೇ ಪತಿ ಮಾರಯ್ಯನವರನ್ನು ಎಚ್ಚರಿಸಿದರು. ಆ ನುಡಿಗಳಿಗೆ ಕಿವಿಗೊಡುವ ಅನುಭವ ಮಂಟಪವಿತ್ತು.

ಕಡೂರು, ಅಜ್ಜಂಪುರ ಸೀಮೆಯ ಮಕ್ಕಳೂ ಬಹಳ ಕಂಡಿದ್ದಾರೆ: ಬತ್ತಿದ ಕೊಳವೆಬಾವಿ, ಬೆಲೆ ಬಿದ್ದ ಈರುಳ್ಳಿ, ಅಯ್ಯನಕೆರೆ ಕೋಡಿಬಿದ್ದ ಸಂಭ್ರಮ. ಅದನ್ನು ಬರೆಯಲು ವಾರಕ್ಕೊಂದು ಅವಧಿ ತರಗತಿಯಲ್ಲಿಯೇ ಕಮ್ಮಟವಾಗಲಿ. ಗುರುಗಳು ಕಾಗುಣಿತ ತಿದ್ದುವ ಮೊದಲು ಮಗು ಕಂಡದ್ದನ್ನು ಆಲಿಸಲಿ, ಅಂಕ ಬೇಡ. ತನ್ನ ಮಾತು ಬರೆಯಲು ಅಂಜುವ ಮಗು ನಾಳೆ ಅನ್ಯಾಯವನ್ನು ಪ್ರಶ್ನಿಸಲೂ ಅಂಜೀತು. ವಚನವನ್ನು ಬಲ್ಲ ಮಗು ತನ್ನ ನುಡಿಯನ್ನೂ ನುಡಿದಾಗಲೇ ಶರಣರ ಪರಂಪರೆ ಮುಂದುವರಿಯುತ್ತದೆ.