ಆಟದ ಬಿಲ್ಲೆ: ಬಣ್ಣವೊಂದೇ ಸಾಲದು

ರಜೆ ಬಂತೆಂದರೆ ವ್ಯಾಪಾರದ ಆಟ, ಲೂಡೊ, ಇಸ್ಪೀಟು ಎಲ್ಲ ಹೊರಬರುತ್ತವೆ. ಲೆಕ್ಕಕ್ಕಿಡುವ ಕಾಗದದ ನೋಟುಗಳು ಮಾತ್ರ ನಾಲ್ಕೇ ದಿನಕ್ಕೆ ಹರಿದುಹೋಗುತ್ತವೆ. ಅವುಗಳ ಬದಲು ನಿಮ್ಮ ಮನೆಯದೇ ಗುರುತಿರುವ ಬಿಲ್ಲೆಗಳನ್ನು ನೀವೇ ಏಕೆ ತಯಾರಿಸಬಾರದು?

ಬಿಲ್ಲೆಗೆ ಹೆಸರಾದದ್ದು ಅಮೆರಿಕದ ಪೋಕರ್ ಆಟ. ಅಲ್ಲಿನ ಚಿಪ್ ಸುಮಾರು 39 ಮಿಲಿಮೀಟರ್ ಅಗಲದ ದುಂಡು ಬಿಲ್ಲೆ. ಸಾಮಾನ್ಯವಾಗಿ ಬಿಳಿಯದಕ್ಕೆ 1, ಕೆಂಪಿಗೆ 5, ಹಸಿರಿಗೆ 25, ಕಪ್ಪಿಗೆ 100 ಡಾಲರ್ ಬೆಲೆ. ಅಂಚಿನಲ್ಲಿ ಬೇರೆ ಬಣ್ಣದ ಪಟ್ಟೆಗಳಿರುತ್ತವೆ. ಇವು ಬರೀ ಅಲಂಕಾರವಲ್ಲ. ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಮುಖ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ. ನಡುವೆ ಬೇರೆ ಬೆಲೆಯದೊಂದು ಸೇರಿಕೊಂಡರೆ ಅಂಚೇ ಚಾಡಿ ಹೇಳುತ್ತದೆ.

ಮನೆಯ ಆಟಕ್ಕೆಂದೇ ಬಿಲ್ಲೆ ಮಾಡಿಸುವುದು ಹೊಸ ಹವ್ಯಾಸವೇನಲ್ಲ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತ ಮನೆತನಗಳು ಚೀನಾದ ಕ್ಯಾಂಟನ್‌ನಿಂದ ಮುತ್ತಿನ ಚಿಪ್ಪಿನ ಬಿಲ್ಲೆಗಳನ್ನು ತರಿಸುತ್ತಿದ್ದವು. ಅವುಗಳ ಮೇಲೆ ಮನೆತನದ ಲಾಂಛನ, ಹೆಸರಿನ ಮೊದಲಕ್ಷರ ಕೆತ್ತಿರುತ್ತಿತ್ತು. ಚಿಪ್ಪಿನ ಬಣ್ಣವೆಲ್ಲ ಒಂದೇ. ಆದ್ದರಿಂದ ಆಕಾರದಿಂದಲೇ ಗುರುತು: ಕೆಲವು ದುಂಡು, ಕೆಲವು ಆಯತ, ಕೆಲವು ಮೀನು! ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯಲ್ಲಿ ಲಿಡಿಯಾ ಎಂಬ ಹುಡುಗಿ ತಾನು ಸೋತ ಮೀನು, ಗೆದ್ದ ಮೀನು ಎಂದು ಹರಟುವುದು ಇಂಥ ಬಿಲ್ಲೆಗಳನ್ನು ಕುರಿತೇ. ನಮ್ಮ ಅಜ್ಜಿಯಂದಿರೂ ಚೌಕಾಬಾರಕ್ಕೆ ಹುಣಸೆಬೀಜ, ಬಳೆಚೂರು, ಕಲ್ಲುಹರಳು ಇಟ್ಟು ಆಡಿದವರೇ. ಯಾರ ಕಾಯಿ ಯಾವುದೆಂದು ಮಬ್ಬು ಬೆಳಕಿನಲ್ಲೂ ತಿಳಿಯುತ್ತಿತ್ತು.

ಆಕಾರಕ್ಕೆ ಇಷ್ಟು ಮಹತ್ವ ಏಕೆ? ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದ ಮಕ್ಕಳಿದ್ದಾರೆ. ಇದಕ್ಕೆ ಕಾರಣವಾದ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿವೆ. ಹುಡುಗರಿಗೆ ಆ ವರ್ಣತಂತು ಒಂದೇ ಇರುವುದರಿಂದ ದೋಷ ಅವರಲ್ಲೇ ಹೆಚ್ಚು. ಐರೋಪ್ಯ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದು ಇದೆ. ಹುಟ್ಟಿದಂದಿನಿಂದ ಹಾಗೆಯೇ ನೋಡಿದ ಮಗುವಿಗೆ ತನಗೆ ದೋಷವಿದೆ ಎಂಬುದೇ ಗೊತ್ತಿರುವುದಿಲ್ಲ. 5ರ ಕೆಂಪು ಬಿಲ್ಲೆಯ ಬದಲು 25ರ ಹಸಿರು ಬಿಲ್ಲೆ ಕೊಟ್ಟು ಸೋತರೆ, ‘ಲೆಕ್ಕ ಬಾರದ ದಡ್ಡ’ ಎಂಬ ಬೈಗುಳ ಬೇರೆ.

ಈಗ ತಯಾರಿಗೆ ಬನ್ನಿ. ಐವರು ಆಡುವವರು, ತಲಾ 100 ಅಂಕ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ 25ರ ಎರಡು, 5ರ ಎಂಟು, 1ರ ಹತ್ತು. ಒಟ್ಟು 20 ಬಿಲ್ಲೆ, ಐವರಿಗೆ 100. ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದವನ್ನು ಎರಡು ಪದರ ಅಂಟಿಸಿ, ನಾಲ್ಕು ಸೆಂಟಿಮೀಟರ್ ಅಳತೆಗೆ ಕತ್ತರಿಸಿ. 1 ದುಂಡಗಿರಲಿ, 5 ಚೌಕವಾಗಿರಲಿ, 25 ಮೀನಾಗಿರಲಿ. ಅಂಕಿ ದೊಡ್ಡದಾಗಿ ಬರೆದು, ಮನೆಯ ಗುರುತೊಂದನ್ನು ಚಿತ್ರಿಸಿ. ಬಣ್ಣ ಕೊನೆಗೆ.

ಆಮೇಲೆ ಎರಡು ಪರೀಕ್ಷೆ. ಕಣ್ಣು ಮುಚ್ಚಿ ಬೆರಳಿನಿಂದ ಬೆಲೆ ಹೇಳಲು ಬರಬೇಕು. ಬಿಲ್ಲೆಗಳನ್ನು ಹರಡಿ ಕಪ್ಪು-ಬಿಳುಪು ಜೆರಾಕ್ಸ್ ತೆಗೆಸಿದರೆ ಅದರಲ್ಲೂ ಬೇರೆಬೇರೆಯಾಗಿ ಕಾಣಬೇಕು. ಎರಡರಲ್ಲೂ ಪಾಸಾದರೆ ನಿಮ್ಮ ಬಿಲ್ಲೆ ಎಲ್ಲರಿಗೂ ಸಲ್ಲುತ್ತದೆ.

ತಂದೆತಾಯಂದಿರಿಗೆ ಎರಡು ಮಾತು. ಲೂಡೊ ಆಡುವಾಗಲೋ ಬಣ್ಣ ತುಂಬುವಾಗಲೋ ಮಗು ಕೆಂಪು-ಹಸಿರಿನಲ್ಲಿ ಪದೇ ಪದೇ ತಪ್ಪಿದರೆ ಗದರಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ. ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪರೀಕ್ಷೆ ಕೆಲವೇ ನಿಮಿಷದ್ದು. ರೈಲು ಚಾಲಕನಾಗಬೇಕೆಂದು ವರ್ಷಗಟ್ಟಲೆ ಓದಿದ ಹುಡುಗನಿಗೆ ಕೊನೆಯ ವೈದ್ಯಕೀಯ ತಪಾಸಣೆಯಲ್ಲಿ ಇದು ತಿಳಿಯುವುದಕ್ಕಿಂತ, ಹತ್ತರ ವಯಸ್ಸಿನಲ್ಲಿ ತಿಳಿಯುವುದು ಲೇಸಲ್ಲವೆ?

ಇನ್ನೊಂದು, ಬಿಲ್ಲೆಗೆ ನಿಜವಾದ ಹಣದ ಬೆಲೆ ಕಟ್ಟಬೇಡಿ. ಚಿಪ್ ಕೈಯಲ್ಲಿದ್ದಾಗ ಹೋಗುತ್ತಿರುವುದು ಹಣವೆಂದು ಅನ್ನಿಸುವುದೇ ಇಲ್ಲ. ಜೂಜುಕಟ್ಟೆಗಳಿಗೆ ಬೇಕಾದದ್ದೂ ಅದೇ. ಮನೆಯ ಬಿಲ್ಲೆ ಅಂಕ ಎಣಿಸಲಷ್ಟೇ ಇರಲಿ, ಆಟ ಮುಗಿದ ಮೇಲೆ ಡಬ್ಬಿ ಸೇರಲಿ.