ಯಾವುದು ಮೂಲರೂಪ?

ತುಮಕೂರು ನಗರದ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಲಾರಿಯೊಂದರ ಚಾಸಿಸ್ ಬಿರುಕುಬಿಟ್ಟಿತೆಂದು ಭಾವಿಸಬಹುದು. ಅದರ ಒಡೆಯನಿಗೆ ಬೇಕಾದುದು ಇಷ್ಟೆ: ಗಾಡಿ ಬೇಗನೆ ರಸ್ತೆಗಿಳಿಯಬೇಕು, ಹೊರೆಯನ್ನು ತಾಳಬೇಕು. ಕುಶಲನಾದ ವೆಲ್ಡರನು ಬಿರುಕಿನ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಬೆಸೆದು ಕಳುಹಿಸುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಪಟ್ಟಿ ತೊಂಬತ್ತು ವರ್ಷಗಳ ಹಿಂದಿನ ಪಂದ್ಯದ ಕಾರೊಂದರ ಮೇಲೆ ಬಿದ್ದರೆ ಹಳೆಯ ಓಲೆಯ ಬರಹದ ಮೇಲೆ ಮಸಿ ಬಳಿದಂತಾಗುತ್ತದೆ.

ಚಾಸಿಸ್ ಎಂಬುದು ವಾಹನದ ಬೆನ್ನೆಲುಬು. 1920ರ ದಶಕದ ಕಾರುಗಳಲ್ಲಿ ಅದು ಉದ್ದನೆಯ ಎರಡು ಉಕ್ಕಿನ ತೊಲೆಗಳಿಂದಲೂ ಅವುಗಳನ್ನು ಬಂಧಿಸುವ ಅಡ್ಡಪಟ್ಟಿಗಳಿಂದಲೂ ಕೂಡಿದ ಚೌಕಟ್ಟು. ಎಂಜಿನು, ಅಚ್ಚು, ಸ್ಪ್ರಿಂಗುಗಳೆಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ಪಂದ್ಯದ ಕಾರಿಗಾದರೋ ಸ್ಥಿರವಾದ ರೂಪವೆಂಬುದೇ ಇರಲಿಲ್ಲ. ಈ ವರ್ಷ ಸೋತರೆ ಮುಂದಿನ ವರ್ಷ ಎಂಜಿನನ್ನು ಹಿಂದಕ್ಕೆ ಸರಿಸುವರು, ತೊಲೆಯನ್ನು ಮೊಟಕುಗೊಳಿಸುವರು, ಅಪಘಾತವಾದರೆ ಬೇರೊಂದನ್ನೇ ತಂದು ಹಾಕುವರು. ಇಂತಹ ಕಾರನ್ನು ‘ಮೂಲರೂಪಕ್ಕೆ ತರುತ್ತೇವೆ’ ಎನ್ನುವವರನ್ನು ಯಾವ ದಿನದ ಮೂಲರೂಪಕ್ಕೆ ಎಂದು ಕೇಳಲೇಬೇಕಾಗುತ್ತದೆ.

ಈ ಪ್ರಶ್ನೆ ಒಮ್ಮೆ ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಬೆಂಟ್ಲಿ ಕಾರು ಫ್ರಾನ್ಸಿನ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು 1929ರಲ್ಲಿಯೂ 1930ರಲ್ಲಿಯೂ ಗೆದ್ದಿತ್ತು. ಎರಡು ಸಲವೂ ಅದರ ಸಾರಥಿಗಳಲ್ಲೊಬ್ಬನಾಗಿದ್ದವನು ವುಲ್ಫ್ ಬರ್ನಾಟೊ. 1932ರಲ್ಲಿ ಅದಕ್ಕೆ ಎಂಟು ಲೀಟರಿನ ಎಂಜಿನನ್ನು ಕೂಡಿಸಿದರು. ಆ ವರ್ಷವೇ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದ ಇಳಿಜಾರಾದ ತಿರುವಿನಲ್ಲಿ ಅದು ಅಂಚನ್ನು ದಾಟಿ ಹಾರಿತು. ಚಾಲಕ ಕ್ಲೈವ್ ಡನ್‌ಫೀ ಮೃತನಾದನು. ಅನಂತರ ಅದಕ್ಕೆ ಮುಚ್ಚಿದ ಮೈ ಬಂದಿತು. ದಶಕಗಳು ಕಳೆದ ಮೇಲೆ ಇನ್ನೊಬ್ಬ ಒಡೆಯನು ಅದನ್ನು ಮತ್ತೆ ಪಂದ್ಯದ ಕಾರಾಗಿಸಿದನು. 1990ರಲ್ಲಿ ಒಂದು ಕೋಟಿ ಪೌಂಡುಗಳಿಗೆ ಅದನ್ನು ಕೊಳ್ಳಲು ಒಪ್ಪಿದ್ದವರು, ಇದು ಆ ಕಾರೇ ಅಲ್ಲವೆಂದು ಹಿಂದೆಗೆದರು.

ಗೆದ್ದ ಕಾಲದ ಲೋಹ ಅದರಲ್ಲಿ ಉಳಿದುದು ಅತ್ಯಲ್ಪವೆಂಬುದನ್ನು ನ್ಯಾಯಮೂರ್ತಿ ಆಟನ್ನರು ಒಪ್ಪಿದರು. ಆದರೂ ಭಾಗಗಳು ಒಮ್ಮೆಗೇ ಬದಲಾಗದೆ ಕ್ರಮಕ್ರಮವಾಗಿ ಬದಲಾದುದರಿಂದ ಕಾರು ತನ್ನತನವನ್ನು ಎಲ್ಲಿಯೂ ಕಳೆದುಕೊಂಡಿಲ್ಲವೆಂದೂ, ಆ ಹೆಸರಿಗೆ ಬೇರಾವ ಕಾರೂ ಹಕ್ಕುದಾರನಲ್ಲವೆಂದೂ ತೀರ್ಪಿತ್ತರು. ಗುಬ್ಬಿಯ ಚನ್ನಬಸವೇಶ್ವರಸ್ವಾಮಿಯ ರಥೋತ್ಸವವನ್ನು ಕಂಡವರಿಗೆ ಈ ತೀರ್ಪು ವಿಚಿತ್ರವಾಗಿ ತೋರಲಾರದು. ಯಾವ ಊರಿನ ತೇರಾದರೂ ಸರಿ, ಗಾಲಿ ಸವೆದರೆ ಬಡಗಿ ಹೊಸ ಗಾಲಿ ಮಾಡುತ್ತಾನೆ, ಅಚ್ಚು ಮುರಿದರೆ ಹೊಸ ಅಚ್ಚು ಬರುತ್ತದೆ. ತೇರು ಬದಲಾಯಿತೆಂದು ಯಾರೂ ಹೇಳುವುದಿಲ್ಲ.

ತೀರ್ಪು ನ್ಯಾಯವಾದುದೇ. ಆದರೆ ಅದನ್ನು ಗುರಾಣಿಯಾಗಿ ಹಿಡಿಯುವವರ ಬಗೆಗೆ ಎಚ್ಚರ ಬೇಕು. ಊರಿನವರ ಕಣ್ಣೆದುರಿಗೇ ತೇರಿನ ಗಾಲಿ ಬದಲಾಗುತ್ತದೆ. ಅಲ್ಲಿ ವಂಚನೆಗೆ ಎಡೆಯಿಲ್ಲ. ಎಲ್ಲಿಯೋ ದೊರೆತ ಹಳೆಯ ಸಂಖ್ಯಾಫಲಕವೊಂದನ್ನು ಹೊಸ ಚೌಕಟ್ಟಿಗೆ ಬಡಿದು, ಗೆದ್ದ ಕಾರೇ ಇದೆಂದು ಮಾರುವವನ ಕೆಲಸ ಕತ್ತಲೆಯಲ್ಲಿ ನಡೆಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬಣ್ಣವನ್ನು ಕೆರೆದಾಗ ಚಾಸಿಸ್ ತಾನೇ ಮಾತನಾಡತೊಡಗುತ್ತದೆ. ಮುಚ್ಚಿಹೋದ ರಂಧ್ರವೊಂದು ಎಂಜಿನಿನ ಆಧಾರ ಹಿಂದೆ ಎಲ್ಲಿತ್ತೆಂಬುದನ್ನು ತೋರುತ್ತದೆ. ರಿವೆಟ್ಟುಗಳ ಸಾಲಿನ ನಡುವೆ ಬಂದ ಬೋಲ್ಟು ಯಾವನೋ ಮೆಕ್ಯಾನಿಕನ ಅವಸರದ ಸಾಕ್ಷಿ. ಚೌಕಟ್ಟು ನೆಟ್ಟಗಿದೆಯೆ ಎಂದು ತಿಳಿಯಲು ಗಾರೆಯವರು ಬಳಸುವಂತಹ ತೂಕದ ಗುಂಡನ್ನು ತೊಲೆಗಳ ಗುರುತಿನ ಸ್ಥಾನಗಳಿಂದ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಚುಕ್ಕಿಗಳನ್ನಿಟ್ಟು, ಕರ್ಣಗಳನ್ನು ಅಳೆಯುತ್ತಾರೆ. ಎಡಬಲಗಳು ಸಮವಾಗಿರಬೇಕಾದ ಚೌಕಟ್ಟಿನಲ್ಲಿ ಕರ್ಣಗಳೆರಡೂ ಸಮವಾಗದಿದ್ದರೆ ಎಲ್ಲಿಯೋ ಪೆಟ್ಟು ಬಿದ್ದಿದೆಯೆಂದು ಅರ್ಥ. ಒಂಬತ್ತನೆಯ ತರಗತಿಯ ರೇಖಾಗಣಿತ ಇಷ್ಟೊಂದು ಉಪಯೋಗಕ್ಕೆ ಬರುವ ಸ್ಥಳ ಅಪರೂಪವೇ! ಈ ಓದೆಲ್ಲ ಮುಗಿಯುವ ಮೊದಲೇ ಬೆಂಕಿ ಮುಟ್ಟಿಸಿದರೆ ಉಕ್ಕು ಸೊಟ್ಟಗಾಗಬಹುದು. ಬಿರುಕುಗಳು ಪಟ್ಟಿಯ ಕೆಳಗೆ ಅಡಗಿ ಕುಳಿತು ಮುಂದೆ ಪ್ರಾಣಕ್ಕೇ ಸಂಚಕಾರ ತರಬಹುದು.

ಹಳೆಯ ಕಟ್ಟಡಗಳಿಗೆ ಸಂಬಂಧಿಸಿದ 1964ರ ವೆನಿಸ್ ಸನ್ನದು, ಊಹೆ ಆರಂಭವಾಗುವೆಡೆಯಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ವಿಧಿಸುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಅದೇ ಹಾದಿಯನ್ನು ಹಿಡಿದಿದೆ. ಭಾರತದಲ್ಲಿಯೂ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷಗಳನ್ನು ಮೀರಿದ ಸ್ವಂತ ಬಳಕೆಯ ವಾಹನಗಳಿಗೆ ‘ವಿ.ಎ.’ ಎಂಬ ಅಕ್ಷರಗಳ ಪ್ರತ್ಯೇಕ ಸಂಖ್ಯೆ ದೊರೆಯುತ್ತದೆ; ಆದರೆ ಚಾಸಿಸ್, ಮೈ ಅಥವಾ ಎಂಜಿನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ನಿಯಮವೇನೋ ಒಳ್ಳೆಯದೆ. ಆದರೆ ಮಾರ್ಪಾಡೇ ಚರಿತ್ರೆಯಾಗಿರುವ ಪಂದ್ಯದ ಕಾರಿಗೆ ಈ ಅಳತೆ ಹೊಂದುವುದಿಲ್ಲ. ಅಂತಹ ಕಾರನ್ನು ಕೈಗೆತ್ತಿಕೊಳ್ಳುವವನು ಒಂದು ವರ್ಷವನ್ನು ಆರಿಸಿ, ಏಕೆ ಆರಿಸಿದನೆಂಬುದನ್ನು ಬರೆದಿಡಬೇಕು. ಬಲ ಕುಂದದ ಹಳೆಯ ತೊಲೆಯನ್ನು ಅಂದಕ್ಕಾಗಿ ಬಿಸಾಡಕೂಡದು. ಕಳಚಲೇಬೇಕಾದ ತುಂಡುಗಳನ್ನು ಗುಜರಿಗೆ ಹಾಕದೆ ಕಾರಿನೊಡನೆಯೇ ಇಡಬೇಕು.

ಶ್ರೀರಂಗಪಟ್ಟಣದ ಸಮೀಪದ ‘ಪಯಣ’ದಂತಹ ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳ ಮುಂದೆ ನಿಲ್ಲುವ ಬಾಲಕನು ಹೊಳೆಯುವ ಬಣ್ಣವನ್ನು ನೋಡಿಯೇ ಬೆರಗಾಗುತ್ತಾನೆ. ಅವನು ಬಗ್ಗಿ ಅಡಿಯ ಚೌಕಟ್ಟನ್ನೂ ನೋಡಿ, ಇದರಲ್ಲಿ ಹಳೆಯದೆಷ್ಟು ಎಂದು ಕೇಳಿದರೆ ಉತ್ತರ ಸಿದ್ಧವಾಗಿರಬೇಕಲ್ಲವೆ? ಹೊಸದಾಗಿ ಹಾಕಿದ ಪಟ್ಟಿಯ ಒಳಮೈಯಲ್ಲಿ ಅದನ್ನು ಹಾಕಿದ ವರ್ಷವನ್ನು ಗುರುತಿಸಲು ಕಮ್ಮಾರನಿಗೆ ಐದು ನಿಮಿಷವೂ ಬೇಡ.