ತುಂಬೆಗೆ ಒಂದು ತಿಂಗಳ ವಾಯಿದೆ ಕೊಡಿ

ಸಿದ್ಧಗಂಗೆ, ಗುಬ್ಬಿಯ ಚನ್ನಬಸವೇಶ್ವರ, ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ: ಈ ಸೀಮೆಯಲ್ಲಿ ಶಿವಪೂಜೆಗೆ ಬರವಿಲ್ಲ. ಶಿವನಿಗೆ ಪ್ರಿಯವೆಂದು ನಾವೇ ಹೇಳುವ ತುಂಬೆಗೆ ಮಾತ್ರ ಊರೊಳಗೆ ನಿಲ್ಲಲು ಜಾಗವಿಲ್ಲ. ಸ್ಮಾರ್ಟ್ ಸಿಟಿಯೆಂದು 2016ರಲ್ಲಿ ಆಯ್ಕೆಯಾದ ತುಮಕೂರಿನ ಪಾರ್ಕುಗಳಲ್ಲಿ ಮೆಕ್ಸಿಕೋ ಮೂಲದ ಚೆಂಡುಹೂವಿಗೆ ಮಡಿ ಮಾಡಿ ನೀರುಣಿಸುತ್ತೇವೆ, ತುಂಬೆ ಕಂಡರೆ ಕಳೆಯೆಂದು ಕೀಳುತ್ತೇವೆ. ಕಡಿಯುವುದೇ ತಪ್ಪೆಂದು ನನ್ನ ವಾದವಲ್ಲ, ಕಡಿಯುವ ಹೊತ್ತು ತಪ್ಪು. ತುಂಬೆ ಒಂದೇ ವರ್ಷದ ಗಿಡ. ಬೇರಿನಿಂದ ಮತ್ತೆ ಚಿಗುರಿ ಮುಂದಿನ ಮುಂಗಾರು ಕಾಣುವ ಜಾತಿಯಲ್ಲ. ಒಂದೊಂದು ಹೂವಿನ ಬುಡದಲ್ಲಿ ಕಟ್ಟುವ ನಾಲ್ಕು ಪುಟ್ಟ ಬೀಜಗಳೇ ಅದರ ಆಸ್ತಿ. ಹಬ್ಬಕ್ಕೋ ಗಣ್ಯರ ಭೇಟಿಗೋ ಹೂವಿದ್ದಾಗಲೇ ಯಂತ್ರ ಹಾಯಿಸಿದರೆ ಆ ವರ್ಷದ ಬೀಜ ಅಲ್ಲಿಗೆ ಮುಗಿಯಿತು. ಹೂಗೊಂಚಲು ಕಂದುಬಣ್ಣಕ್ಕೆ ತಿರುಗಿ ಒಣಗುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಕೈ ತಡೆದರೆ ಸಾಕು. ಒಣಗಿದ ಗೊಂಚಲನ್ನು ಅಂಗೈಯಲ್ಲಿ ಉಜ್ಜಿ ಬೀಜ ಬಿಡಿಸಿ, ಮರಳಿನೊಂದಿಗೆ ಬೆರೆಸಿ, ಬಿಸಿಲು ಬೀಳುವ ಸಡಿಲ ಮಣ್ಣಿನ ಮೇಲೆ ಮಳೆಗೆ ಮುಂಚೆ ಚೆಲ್ಲಬೇಕು. ಸಣ್ಣ ಬೀಜವಾದ್ದರಿಂದ ಆಳಕ್ಕೆ ಹೂಳಬಾರದು. ಗೊಬ್ಬರದ ಉಪಚಾರವೂ ಬೇಡ.

ತಾನಾಗಿ ಹುಟ್ಟುವುದನ್ನು ಬಿತ್ತುವುದೇಕೆ ಎಂದು ಕೇಳುವವರಿದ್ದಾರೆ. ರಾಗಿ ಹೊಲದ ಬದುವಿನಲ್ಲಿ ಆ ಮಾತು ಸರಿ. ಆದರೆ ಇಂಟರ್‌ಲಾಕ್ ಇಟ್ಟಿಗೆ ಹಾಸಿದ, ಹೊರಗಿನ ಮಣ್ಣು ತುಂಬಿಸಿದ ನಗರದಲ್ಲಿ ಬೀಜವೇ ಉಳಿದಿರದಿದ್ದರೆ ಹುಟ್ಟುವುದು ಎಲ್ಲಿಂದ? ಕಳೆನಾಶಕ ಹೊಡೆದ ತೆಂಗಿನ ತೋಟದ್ದೂ ಅದೇ ಪಾಡು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕಡಿಯದೆ ಬಿಟ್ಟರೆ ತುಂಬೆಗಿಂತ ಮೊದಲು ಕಾಂಗ್ರೆಸ್ ಗಿಡ ಎದ್ದು ನಿಲ್ಲುತ್ತದೆ. ನಿಜ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಾದ ಆ ಅಮೆರಿಕ ಮೂಲದ ಗಿಡ ಒಂದೊಂದೂ ಸಾವಿರಾರು ಬೀಜ ಉದುರಿಸುತ್ತದೆ, ಬೋಳು ನೆಲವೆಂದರೆ ಅದಕ್ಕೆ ಹಬ್ಬ. ಹಾಗೆಂದೇ ಎಲ್ಲವನ್ನೂ ಸವರಿ ನೆಲ ಬೋಳಿಸುವುದು ಅದಕ್ಕೇ ಅನುಕೂಲ. ಹೂಬಿಡುವ ಮುನ್ನ ಅದನ್ನು ಬೇರುಸಹಿತ ಕಿತ್ತು, ತುಂಬೆಯನ್ನು ಉಳಿಸಬೇಕು. ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯದು, ಹೊಲದಲ್ಲಿ ಕಳೆ ತೆಗೆದ ಹೆಂಗಸರಿಗೆ ಚೆನ್ನಾಗಿ ತಿಳಿದಿದೆ. ಕೂಲಿ ಹೆಚ್ಚಾಗುತ್ತದೆ, ಒಪ್ಪುತ್ತೇನೆ. ಆದ್ದರಿಂದಲೇ ಇಡೀ ಪಾರ್ಕನ್ನಲ್ಲ, ಒಂದು ಮೂಲೆಯನ್ನಷ್ಟೇ ಕೇಳುತ್ತಿರುವುದು. ಹಾವಿನ ಭಯವೂ ಇದೆ. ಮೊಣಕಾಲೆತ್ತರದ ಗಿಡ ಪೊದೆಯಲ್ಲ. ಓಡಾಡುವ ದಾರಿಯ ಅಂಚನ್ನು ಸವರಿಟ್ಟರಾಯಿತು. (ತುಂಬೆ ರಸ ಹಾವಿನ ವಿಷ ಇಳಿಸುತ್ತದೆಂಬ ನಂಬಿಕೆಯನ್ನು ಮಾತ್ರ ಯಾರೂ ನೆಚ್ಚಬಾರದು, ಆಸ್ಪತ್ರೆಗೇ ಓಡಬೇಕು.) ಒಣಗಿದ ಮೇಲೆ ಚೆಂದ ಕಾಣದು ಎನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಕಾಣುವುದಿಲ್ಲ. ಅದಕ್ಕೂ ಮುಂಚೆ ಆ ಬಿಳಿ ಹೂಗಳ ಮಕರಂದಕ್ಕೆ ಜೇನ್ನೊಣಗಳು ಮುತ್ತಿರುತ್ತವೆ. ಉದ್ಯಾನ ನಿರ್ವಹಣೆಯ ಗುತ್ತಿಗೆಯಲ್ಲಿ ಪಾಲಿಕೆ ಒಂದು ಷರತ್ತು ಸೇರಿಸಲಿ: ಗುರುತಿಸಿದ ಮೂಲೆಯಲ್ಲಿ ಬೀಜ ಉದುರಿದ ಮೇಲಷ್ಟೇ ಕಟಾವು. ಮೊದಲ ವರ್ಷದ ಬೀಜಕ್ಕೆ ಟೆಂಡರ್ ಬೇಕಿಲ್ಲ, ಗುಬ್ಬಿ, ಕುಣಿಗಲ್ ಕಡೆಯ ಹೊಲದ ಬದುಗಳಿಂದಲೇ ತರಬಹುದು.